ಬಿಳಿ ಚೌಕ ಇಟ್ಟರೆ ಗೆರೆ ಅಳಿಯುವುದಿಲ್ಲ

"ಸ್ಕ್ರೀನ್ ಮೇಲೆ ಸರಿಯಾಗೇ ಇತ್ತಲ್ಲ ಸಾರ್!" ಕಟಿಂಗ್ ಪ್ಲಾಟರ್ (ಕಂಪ್ಯೂಟರ್ ಫೈಲಿನ ಗೆರೆ ಹಿಡಿದು ಬ್ಲೇಡ್‌ನಿಂದ ಸ್ಟಿಕ್ಕರ್ ಕತ್ತರಿಸುವ ಮೆಷಿನ್) ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಸರಿಯಾಗೇ ಇತ್ತು, ನಿಜ. ಆದರೆ ಮೆಷಿನ್ ಸ್ಕ್ರೀನ್ ನೋಡುವುದಿಲ್ಲ.

ಒಬ್ಬರು ಗಾಡಿಗೆ ಅಂಟಿಸುವ ಸ್ಟಿಕ್ಕರ್‌ಗೆ ಫೈಲ್ ತಂದಿದ್ದರು. ಫೋನ್ ನಂಬರ್ ಬದಲಾಗಿತ್ತು. ಹಳೇದನ್ನು ಅಳಿಸುವ ಬದಲು ಅದರ ಮೇಲೆ ಬಿಳಿ ಚೌಕ ಇಟ್ಟು, ಚೌಕದ ಮೇಲೆ ಹೊಸ ನಂಬರ್ ಹಾಕಿದ್ದರು. ಬ್ಲೇಡ್ ಮೂರನ್ನೂ ಕತ್ತರಿಸಿತು. ಹಳೇ ನಂಬರಿನ 8ರ ಹೊಟ್ಟೆ ಸೀಳಿಕೊಂಡು ಹೊಸ ನಂಬರಿನ 3 ಹೋಗಿತ್ತು. ಬೇಡದ ವಿನೈಲ್ (ಸ್ಟಿಕ್ಕರ್‌ನ ಪ್ಲಾಸ್ಟಿಕ್ ಹಾಳೆ) ಕೀಳಲು ಕೂತರೆ ಚಿಮುಟಕ್ಕೆ ಬರೀ ಚೂರು. ತಪ್ಪು ನನ್ನದೂ ಇತ್ತು. ಅವಸರದಲ್ಲಿ ವೈರ್‌ಫ್ರೇಮ್ (ಬಣ್ಣ ತೆಗೆದು ಬರೀ ಗೆರೆ ತೋರಿಸುವ ನೋಟ) ನೋಡದೆ ಕಟ್ ಕೊಟ್ಟಿದ್ದೆ.

ಜೆಪಿಜಿ ಫೋಟೊವನ್ನು ಪಿಡಿಎಫ್ ಒಳಗೆ ಕೂರಿಸಿದರೆ ಅದು ವೆಕ್ಟರ್, ಅಂದರೆ ಬ್ಲೇಡ್ ಹಿಂಬಾಲಿಸಬಲ್ಲ ಗೆರೆ, ಆಗಲ್ಲ ಅನ್ನೋದು ಈಗ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೇನೆ. ತಲೆಗೆ ಹೋಗದೇ ಇರುವುದು ಇನ್ನೊಂದು: ಮೇಲೆ ಏನಿಟ್ಟರೂ ಕೆಳಗಿನ ಗೆರೆ ಮುಚ್ಚಲ್ಲ. ಪ್ಲಾಟರ್‌ಗೆ ಆಜ್ಞೆಗಳನ್ನು ಒಯ್ಯುವ ಎಚ್‌ಪಿಜಿಎಲ್ ಫೈಲನ್ನು ಸುಮ್ನೆ ಒಮ್ಮೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. 'ಪಿಯು' ಅಂದರೆ ಬ್ಲೇಡ್ ಎತ್ತು, 'ಪಿಡಿ' ಅಂದರೆ ಇಳಿಸು. ಪಕ್ಕದಲ್ಲಿ ಎಲ್ಲಿಗೆ ಹೋಗಬೇಕು ಅನ್ನುವ ಅಂಕಿಗಳು, 40 ಯೂನಿಟ್‌ಗೆ ಒಂದು ಮಿಲಿಮೀಟರ್. ಹೆಚ್ಚುಕಮ್ಮಿ ಅಷ್ಟೇ. ಯಾವುದರ ಮೇಲೆ ಯಾವುದು ಕೂತಿದೆ ಅನ್ನುವ ಲೆಕ್ಕ ಅಲ್ಲಿಲ್ಲ. ಬಣ್ಣ ನೋಡಿ ಕೆಲಸ ಬೇರ್ಪಡಿಸುವ ಸಾಫ್ಟ್‌ವೇರ್‌ಗಳಿವೆ. ಅಲ್ಲೂ ಬಣ್ಣ ಬರೀ ಗುರುತು: ಇದು ಕತ್ತರಿಸುವ ಗೆರೆ, ಇದು ಮಡಚುವ ಗೆರೆ ಅಂತ. ಬಿಳಿ ಅಂದರೆ 'ಏನೂ ಇಲ್ಲ' ಅಂತಲ್ಲ.

ದಪ್ಪ ಗೆರೆಯದ್ದೂ ಇದೇ ಕಥೆ. ನೀವು 5 ಮಿ.ಮೀ. ದಪ್ಪ ಕೊಟ್ಟಿರುತ್ತೀರಿ, ಬ್ಲೇಡ್ ಅದರ ನಟ್ಟನಡುವೆ ಒಂದೇ ಸಲ ಹೋಗುತ್ತದೆ. ಪಟ್ಟಿ ಬೇಕಿದ್ದರೆ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ 'ಸ್ಟ್ರೋಕ್ ಟು ಪಾಥ್' ಕೊಡಿ, ಆಗ ಎರಡು ಅಂಚೂ ಸಿಗುತ್ತವೆ. ಒಂದರ ಮೇಲೊಂದು ಹತ್ತಿದ ಆಕಾರಗಳನ್ನು 'ಯೂನಿಯನ್' ಮಾಡಿ ಒಂದಾಗಿಸಿ, ಕೋರಲ್ ಸಾಫ್ಟ್‌ವೇರ್‌ನವರು ಅದನ್ನೇ 'ವೆಲ್ಡ್' ಅನ್ನುತ್ತಾರೆ. ಕೆಲವು ಕನ್ನಡ ಫಾಂಟ್‌ಗಳಲ್ಲಿ ಅಕ್ಷರ, ಗುಣಿತದ ಚಿಹ್ನೆ, ಒತ್ತು ಬೇರೆ ಬೇರೆ ತುಂಡುಗಳು. ಕಪ್ಪು ತುಂಬಿದಾಗ ಒಂದೇ ಅಕ್ಷರ ಅನ್ನಿಸುತ್ತದೆ. ಕತ್ತರಿಸಿದ ಮೇಲೆ ತಲೆಕಟ್ಟು ಉದುರಿ ಬರುತ್ತದೆ. ಕೆಲವು ಕಟಿಂಗ್ ಸಾಫ್ಟ್‌ವೇರ್ ತಾನೇ ಬೆಸೆಯುತ್ತದೆ, ಆದರೆ ಅದನ್ನು ನಂಬಿಕೊಂಡು ಫೈಲ್ ಕಳಿಸಬೇಡಿ. ಅಕ್ಷರವನ್ನು ಪಾಥ್ (ಬರೀ ಗೆರೆ) ಮಾಡಿದ ಮೇಲೆ ಟೈಪ್ ಮಾಡಿ ತಿದ್ದಲು ಬರಲ್ಲ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಇದನ್ನೆಲ್ಲ ನೋಡಲು ಒಂದು ಶಾರ್ಟ್‌ಕಟ್ ಸಾಕು. ಇಲಸ್ಟ್ರೇಟರ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ವೈ ಒತ್ತಿ. ಬಣ್ಣವೆಲ್ಲ ಹೋಗಿ ಬರೀ ಗೆರೆ ಉಳಿಯುತ್ತದೆ. ಬ್ಲೇಡ್ ಹೋಗುವುದು ಆ ಗೆರೆಗಳ ಮೇಲೆ.

ಹಾಂ, ಅಳತೆ. ಇಲಸ್ಟ್ರೇಟರ್ ಒಂದು ಇಂಚಿಗೆ 72 ಪಿಕ್ಸೆಲ್ ಲೆಕ್ಕ ಹಿಡಿದು ಎಸ್‌ವಿಜಿ (ಗೆರೆಗಳನ್ನು ಉಳಿಸುವ ಫೈಲ್) ಬರೆದರೆ, ಓದುವ ಸಾಫ್ಟ್‌ವೇರ್ 96 ಅಂತ ಓದಬಹುದು. ಆಗ 100 ಮಿ.ಮೀ. ಇದ್ದದ್ದು 75 ಆಗಿ ಬರುತ್ತದೆ. ಅದಕ್ಕೇ ಫೈಲ್ ಜೊತೆ ಅಗಲ ಎಷ್ಟು ಅಂತ ಒಂದು ಸಾಲು ಬರೆದು ಕಳಿಸಿ. ಬರೆಯದಿದ್ದರೆ ನಾನು ಫೋನ್ ಮಾಡುತ್ತೇನೆ, ಹೊಸ ನಂಬರ್‌ಗೇ.