ಪದ ಪರಿಚಯ: ಭಯಾನಕ

ಚಿಕ್ಕವನಿದ್ದಾಗ ಬಯಲಾಟಕ್ಕೆ ಹೋದರೆ ನಾನು ಮೊದಲು ಓಡುತ್ತಿದ್ದದ್ದು ಚೌಕಿಗೆ. ಚೌಕಿ ಅಂದರೆ ಯಕ್ಷಗಾನದವರು ವೇಷ ಕಟ್ಟುವ ಜಾಗ. ಅಲ್ಲಿ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂತಿರುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡುತ್ತಿದ್ದರು. ಗಂಟೆಗಟ್ಟಲೆ ಹಿಡಿಯುವ ಕೆಲಸ ಅದು. ನಡುವೆ ಚಹಾ ಬರುತ್ತಿತ್ತು. ಬಣ್ಣ ಕೆಡದ ಹಾಗೆ ಮೆಲ್ಲ ಕುಡಿಯುತ್ತಾ, "ಯಾರ ಮನೆ ಮಾಣಿ ನೀನು?" ಎಂದು ಕೇಳುತ್ತಿದ್ದರು. ಅರ್ಧ ಮುಖ ರಾಕ್ಷಸ, ಅರ್ಧ ಮುಖ ಯಾರದೋ ಮನೆಯ ಮಾವನ ಹಾಗೆ.

ಮಧ್ಯರಾತ್ರಿ ದಾಟಿದ ಮೇಲೆ ಅದೇ ಮನುಷ್ಯ ರಂಗಸ್ಥಳಕ್ಕೆ ಬರುತ್ತಿದ್ದರು. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಹಿಂದಿನಿಂದ ಒಂದು ಅಬ್ಬರ. ಕಿರೀಟದ ಅಂಚು ಒಮ್ಮೆ ಕಾಣುತ್ತದೆ, ಬೆರಳುಗಳು ಒಮ್ಮೆ. ದೊಂದಿಗೆ ರಾಳದ ಪುಡಿ ಬಿದ್ದು ಬೆಂಕಿ ಭುಗ್ ಎಂದು ಎದ್ದೇಳುತ್ತದೆ. ನಾನು ಅಪ್ಪನ ಶಾಲಿನೊಳಗೆ ಮುಖ ಹುದುಗಿಸುತ್ತಿದ್ದೆ, ಒಂದು ಕಣ್ಣು ಮಾತ್ರ ಹೊರಗೆ. "ಮನೆಗೆ ಹೋಗೋಣ್ವಾ?" ಎಂದು ಅಪ್ಪ ಕೇಳಿದರೆ ಬೇಡ ಎಂದು ತಲೆ ಆಡಿಸುತ್ತಿದ್ದೆ.

ಹೊರಗೆ ಉಳಿದ ಆ ಒಂದು ಕಣ್ಣಿನ ಅನುಭವಕ್ಕೆ ನಮ್ಮ ಹಳಬರು ಇಟ್ಟ ಹೆಸರು ಭಯಾನಕ.

ಇವತ್ತು ನಾವು ಈ ಪದವನ್ನು ಎಲ್ಲೆಂದರಲ್ಲಿ ಬಳಸುತ್ತೇವೆ. ಹಾರರ್ ಸಿನಿಮಾ ಭಯಾನಕ, ರಸ್ತೆಯ ಗುಂಡಿ ಭಯಾನಕ, ಟಿವಿಯಲ್ಲಿ ಅಪಘಾತವೂ ಭಯಾನಕ. ಭಯ, ಭೀಕರ, ಭಯಂಕರ, ಭಯಾನಕ ಎಲ್ಲವೂ ಒಂದೇ ಬೇರಿನಿಂದ ಬಂದವು ನಿಜ. ಆದರೆ ಅವುಗಳಲ್ಲಿ ಭಯಾನಕಕ್ಕೆ ಮಾತ್ರ ಒಂದು ಬೇರೆ ಮನೆ ಇದೆ. ಅದು ರಂಗಭೂಮಿಯ ಪದ. ಭರತನ ನಾಟ್ಯಶಾಸ್ತ್ರ ಎಣಿಸುವ 8 ರಸಗಳಲ್ಲಿ ಒಂದು. ಅಲ್ಲಿ ಭಯ ಬೇರೆ, ಭಯಾನಕ ಬೇರೆ. ಭಯ ಎಂಬುದು ಸ್ಥಾಯಿಭಾವ, ಅಂದರೆ ನಮ್ಮೆಲ್ಲರ ಒಳಗೆ ಮೊದಲೇ ಇರುವಂಥದ್ದು. ಹಾವು ಕಂಡರೆ ಬರುತ್ತದೆ, ರಾತ್ರಿ ಹೊತ್ತಲ್ಲದ ಹೊತ್ತಿಗೆ ಫೋನ್ ಬಂದರೆ ಬರುತ್ತದೆ. ಅದೇ ಭಯ ಕಥೆಯಲ್ಲಿ, ಆಟದಲ್ಲಿ ಹದವಾಗಿ ಬೆಂದು ನಮಗೆ ರುಚಿಯಾಗಿ ಸಿಕ್ಕಾಗ ಭಯಾನಕ. ರಸ ಎಂಬ ಮಾತಿಗೇ ಸವಿಯುವುದು ಎಂಬ ಅರ್ಥ ಉಂಟು. ಹೆದರಿಕೆಯನ್ನು ಸವಿಯಬಹುದು ಎಂದು ಅಷ್ಟು ಹಿಂದೆಯೇ ಕಂಡುಕೊಂಡು, ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದಾರಲ್ಲ, ಇದು ನನಗೆ ಇವತ್ತಿಗೂ ಸೋಜಿಗದ ವಿಷಯ.

ಭಯಾನಕ ಹುಟ್ಟಬೇಕಾದರೆ ಏನೇನು ಬೇಕು ಎಂದು ನಾಟ್ಯಶಾಸ್ತ್ರ ಪಟ್ಟಿ ಕೊಡುತ್ತದೆ. ವಿಕಾರವಾದ ಸದ್ದು. ಭೂತಪ್ರೇತ ಕಣ್ಣಿಗೆ ಬೀಳುವುದು. ನರಿ, ಗೂಬೆಯ ಕೂಗು. ಪಾಳು ಮನೆ. ಕಾಡಿನ ದಾರಿ. ತನ್ನವರ ಸಾವನ್ನು ನೋಡುವುದು, ಅಥವಾ ಆ ಸುದ್ದಿ ಕೇಳುವುದು. ಯಾವುದಾದರೂ ಹಾರರ್ ಸಿನಿಮಾದ ಮೊದಲ ಅರ್ಧ ಗಂಟೆಯನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿ. ಕಾರು ಕಾಡಿನ ದಾರಿಯಲ್ಲಿ ಹೋಗುತ್ತದೆ, ಖಾಲಿ ಬಂಗಲೆಯ ಮುಂದೆ ನಿಲ್ಲುತ್ತದೆ, ಎಲ್ಲೋ ಗೂಬೆ ಕೂಗುತ್ತದೆ. ಹೆದರಿದವರು ಹೇಗಿರುತ್ತಾರೆ ಎಂಬುದಕ್ಕೂ ಅಲ್ಲಿ ವಿವರ ಇದೆ: ಕೈಕಾಲು ನಡುಕ, ಕಣ್ಣು ಅತ್ತಿತ್ತ ಹೊರಳುವುದು, ಮೈ ಜುಮ್ಮೆನ್ನುವುದು, ಮುಖ ಬಿಳಚಿಕೊಳ್ಳುವುದು, ದನಿ ಒಡೆಯುವುದು. ಈ ರಸದ ಬಣ್ಣ ಕಪ್ಪು. ಇದರ ದೇವತೆ ಕಾಲ.

ಪಟ್ಟಿಯಲ್ಲಿ ಸದ್ದು ಮೊದಲು ಬಂದಿರುವುದನ್ನು ಗಮನಿಸಿ. ಕಣ್ಣು ಮುಚ್ಚಿಕೊಂಡರೆ ನೋಟ ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ. 1995ರಲ್ಲಿ ಶುರುವಾದ ಹಿಂದಿಯ ಒಂದು ಹಾರರ್ ಧಾರಾವಾಹಿಯ ಹೆಸರು 'ಆಹಟ್'. ಹಾಗೆಂದರೆ ಯಾರೋ ಬರುತ್ತಿರುವ ಹೆಜ್ಜೆಯ ಸಪ್ಪಳ. ಬರುತ್ತಿರುವುದು ಯಾರು ಎಂದು ಗೊತ್ತಾಗುವ ಮೊದಲೇ ಅರ್ಧ ಕೆಲಸ ಆಗಿಹೋಗಿರುತ್ತದೆ.

ಪಾಳು ಮನೆಗೆ ನಾಟ್ಯಶಾಸ್ತ್ರದ ಪದ 'ಶೂನ್ಯಾಗಾರ'. ಎಷ್ಟು ಒಳ್ಳೆಯ ಪದ! ನಮ್ಮಲ್ಲಿ ಇದನ್ನು ತೋರಿಸಲು 2004ರ 'ಆಪ್ತಮಿತ್ರ' ಸಾಕು. ಪಿ. ವಾಸು ನಿರ್ದೇಶಿಸಿದ ಈ ಚಿತ್ರದ ಮೂಲ 1993ರ ಮಲಯಾಳಂ ಸಿನಿಮಾ. ಅದರಲ್ಲಿ ಭಯ ಹುಟ್ಟುವುದು ಹಳೆಯ ಅರಮನೆಯ ಬೀಗ ಹಾಕಿದ ಒಂದು ಕೋಣೆಯಿಂದ. ಕಥೆಯ ಕೊನೆಗೆ ಎಲ್ಲದರ ಮೂಲ ಒಂದು ಮನಸ್ಸಿನ ಕಾಯಿಲೆ ಎಂದು ತಿಳಿಯುತ್ತದೆ. ತಿಳಿದ ಮೇಲೂ ಜನ ಮತ್ತೆ ಮತ್ತೆ ನೋಡಿದರು. ಗುಟ್ಟು ಗೊತ್ತಿದ್ದವರೂ ಸೌಂದರ್ಯ ಅವರ ಕಣ್ಣು ಬದಲಾಗುವ ಗಳಿಗೆಗೆ ಕಾದು ಕೂತರು. ಚೌಕಿ ನೋಡಿ ಬಂದ ಹುಡುಗನ ಹಾಗೆಯೇ ಅಲ್ವಾ ಇದು?

ಗೊತ್ತಿದ್ದೂ ಹೆದರುವುದು ಹೇಗೆ ಸಾಧ್ಯ? ಹೆದರಿದರೂ ಎದ್ದು ಓಡದೆ ಕೂರುವುದು ಹೇಗೆ? ಈ ಪ್ರಶ್ನೆಗೆ ನಾನು ಓದಿದ್ದರಲ್ಲೆಲ್ಲ ಚೆಂದದ ಉತ್ತರ ಅಭಿನವಗುಪ್ತನದು. ಸುಮಾರು 1000ನೇ ಇಸವಿಯ ಹೊತ್ತಿಗೆ ಕಾಶ್ಮೀರದಲ್ಲಿದ್ದವನು, ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದವನು. ರಸ ಅಂದರೇನು ಎಂದು ವಿವರಿಸುವ ಮುಖ್ಯ ಜಾಗದಲ್ಲಿ ಅವನು ಎತ್ತಿಕೊಳ್ಳುವುದು ಶೃಂಗಾರದ ಪದ್ಯವನ್ನಲ್ಲ. ಭಯದ ಪದ್ಯವನ್ನು. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥ ಒಂದು ಜಿಂಕೆಯನ್ನು ಅಟ್ಟಿಕೊಂಡು ಬರುತ್ತದೆ. ಜಿಂಕೆ ಕತ್ತು ಹೊರಳಿಸಿ ಹೊರಳಿಸಿ ಹಿಂದೆ ನೋಡುತ್ತದೆ. ಬಾಣ ಬಿದ್ದೀತೆಂದು ಹಿಂಗಾಲನ್ನು ಮೈಯೊಳಕ್ಕೆ ಎಳೆದುಕೊಳ್ಳುತ್ತದೆ. ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ.

ಇದನ್ನು ನೋಡುವಾಗ ನಮಗೇನಾಗುತ್ತದೆ? 'ನನಗೆ ಭಯ' ಎಂದು ಅನ್ನಿಸಿದರೆ ಓಡಿಹೋಗುತ್ತೇವೆ. 'ಅದಕ್ಕೆ ಭಯ, ನನಗೇನು?' ಎಂದು ಅನ್ನಿಸಿದರೆ ಆಕಳಿಸುತ್ತೇವೆ. ಎರಡೂ ಆಗುವುದಿಲ್ಲ. ಈ ಜಿಂಕೆ ಇಂಥ ಕಾಡಿನ ಇಂಥ ದಿನದ ಜಿಂಕೆ ಎಂಬ ಗುರುತೆಲ್ಲ ಕಳಚಿ ಬೀಳುತ್ತದೆ, ಬರೀ ಭಯ ಉಳಿಯುತ್ತದೆ ಎನ್ನುತ್ತಾನೆ ಅಭಿನವಗುಪ್ತ. ಊರಿಲ್ಲದ, ಕಾಲವಿಲ್ಲದ ಭಯ. ಅದು ನೇರ ಎದೆಯೊಳಗೆ ಬಂದು ಕೂತ ಹಾಗೆ, ಕಣ್ಣ ಮುಂದೆ ಸುಳಿದಾಡಿದ ಹಾಗೆ ಇರುತ್ತದೆ. ಅದೇ ಭಯಾನಕ ರಸ.

ಹೀಗೆ ನೋಡಿದರೆ ತೆರೆಯ ಬೆಲೆ ತಿಳಿಯುತ್ತದೆ. ಇದು ಆಟ ಎಂದು ಹೇಳುವ ಒಂದು ತೆಳು ಬಟ್ಟೆ ನಡುವೆ ಇರಲೇಬೇಕು. ಅದನ್ನು ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ರೇಡಿಯೋದ ಒಂದು ಪ್ರಸಂಗ ಇದೆ. 1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಆರ್ಸನ್ ವೆಲ್ಸ್ ಒಂದು ನಾಟಕ ಮಾಡಿದರು. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆ. ಹೆಚ್ಚಿನ ಭಾಗವನ್ನು ಅವರು ಸುದ್ದಿಯ ರೂಪದಲ್ಲಿ ಹೇಳಿದರು. ಸಂಗೀತ ನಡೆಯುತ್ತಿದ್ದಂತೆ ನಡುವೆ ತುರ್ತು ವಾರ್ತೆ, ಸ್ಥಳದಿಂದ ವರದಿ, ಹೀಗೆ. ಇದು ನಾಟಕ ಎಂದು ಶುರುವಿನಲ್ಲೇ ಹೇಳಿದ್ದರು. ಆದರೆ ರೇಡಿಯೋ ತಡವಾಗಿ ಹಚ್ಚಿದವರಿಗೆ ಆ ಮಾತು ಕೇಳಿರಲಿಲ್ಲ. ಮರುದಿನದ ಪತ್ರಿಕೆಗಳು ದೇಶವೇ ಬೀದಿಗೆ ಬಿದ್ದ ಹಾಗೆ ಬರೆದವು. ಅದರಲ್ಲಿ ಉಬ್ಬಿಸಿದ್ದು ಜಾಸ್ತಿ ಎಂದು ಆಮೇಲಿನ ಸಂಶೋಧಕರು ತೋರಿಸಿದ್ದಾರೆ. ಆದರೂ ಕೆಲವರು ನಿಜವಾಗಿಯೇ ಗಾಬರಿಯಾದರು, ಪೊಲೀಸರಿಗೆ ಫೋನ್ ಮಾಡಿದರು. ಒಂದೇ ನಾಟಕ. ಮೊದಲಿಂದ ಕೇಳಿದವರಿಗೆ ಭಯಾನಕ, ತಡವಾಗಿ ಕೇಳಿದವರಿಗೆ ಭಯ.

1992ರ ಅಕ್ಟೋಬರ್ 31ರಂದು ಬಿಬಿಸಿ ಟಿವಿಯಲ್ಲೂ ಹೀಗೇ ಆಯಿತು. ದೆವ್ವದ ಕಾಟ ಇರುವ ಮನೆಯಿಂದ ನೇರ ಪ್ರಸಾರ ಎನ್ನುವ ಹಾಗೆ ಒಂದು ನಾಟಕ ತೋರಿಸಿದರು. ಮೊದಲೇ ಚಿತ್ರೀಕರಿಸಿದ್ದ ಕಥೆ ಅದು. ಜನರಿಗೆ ಚೆನ್ನಾಗಿ ಪರಿಚಯವಿದ್ದ ನಿರೂಪಕರೇ ಅದರಲ್ಲಿ ಇದ್ದರು. ದೂರುಗಳ ಸುರಿಮಳೆಯಾಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆದರಿಸಿದ್ದಕ್ಕೆ ಬಂದ ಸಿಟ್ಟಲ್ಲ ಅದು. ತೆರೆ ಇಲ್ಲ ಎಂದು ನಂಬಿಸಿದ್ದಕ್ಕೆ ಬಂದದ್ದು.

ತೆರೆ ಇದ್ದರೂ ಸಾಲದು, ಹದವೂ ಬೇಕು. ಡೆನ್ಮಾರ್ಕಿನ ಸಂಶೋಧಕರು ಇದನ್ನು ಅಳೆದೇ ನೋಡಿದರು. ಅಲ್ಲಿ ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಹೋಗುವ ದೆವ್ವದ ಮನೆಗಳಿವೆ. ಅಂಥ ಒಂದಕ್ಕೆ ಬಂದ 110 ಜನರ ಎದೆಬಡಿತ ಅಳೆದು, ಎಷ್ಟು ಹೆದರಿದಿರಿ, ಎಷ್ಟು ಖುಷಿಪಟ್ಟಿರಿ ಎಂದು ಕೇಳಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ತೀರಾ ಕಡಿಮೆ ಹೆದರಿದವರಿಗೂ ಮಜಾ ಬರಲಿಲ್ಲ, ವಿಪರೀತ ಹೆದರಿದವರಿಗೂ ಬರಲಿಲ್ಲ. ನಡುವಿನವರಿಗೆ ಜಾಸ್ತಿ ಖುಷಿ. ಸಾರಿಗೆ ಹಾಕುವ ಖಾರದ ಹಾಗೆ. ಒಬ್ಬರ ನಾಲಗೆಗೆ ಹದವಾದದ್ದು ಇನ್ನೊಬ್ಬರಿಗೆ ಕಣ್ಣೀರು ತರಿಸುತ್ತದೆ. ಹಾಗಾಗಿ "ಇಂಥದ್ದನ್ನೆಲ್ಲ ಹೇಗಪ್ಪಾ ನೋಡ್ತೀರಿ?" ಎಂದು ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಅವರ ಹದ ಬೇರೆ, ಅಷ್ಟೇ.

ಇಲ್ಲಿ ಇನ್ನೊಂದು ಪದವನ್ನು ಪಕ್ಕಕ್ಕೆ ಇಡಬೇಕು: ಬೀಭತ್ಸ. ರಕ್ತ, ಕೀವು, ಕೊಳೆತದ್ದು ಕಂಡಾಗ ಹುಟ್ಟುವ ಹೇಸಿಗೆ ಅದು. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂದು ನಾಟ್ಯಶಾಸ್ತ್ರ ಹೇಳುತ್ತದೆ. ನಂಟು ಇದೆ, ಆದರೆ ಎರಡೂ ಒಂದಲ್ಲ. 1790ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹೆದರಿಸುವ ಕಾದಂಬರಿ ಬರೆದು ಹೆಸರಾದ ಆನ್ ರಾಡ್‌ಕ್ಲಿಫ್ ಕೂಡ ಇಂಥದ್ದೇ ಒಂದು ಗೆರೆ ಎಳೆದಿದ್ದಾರೆ. ಅವರು ತೀರಿಕೊಂಡ ಮೇಲೆ 1826ರಲ್ಲಿ ಪ್ರಕಟವಾದ ಬರಹದಲ್ಲಿ ಟೆರರ್ ಮತ್ತು ಹಾರರ್ ಎರಡನ್ನೂ ಬೇರೆ ಮಾಡುತ್ತಾರೆ. ಟೆರರ್ ಮನಸ್ಸನ್ನು ಹಿಗ್ಗಿಸಿ ಎಚ್ಚರಗೊಳಿಸುತ್ತದೆ, ಹಾರರ್ ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ ಎಂಬುದು ಅವರ ಮಾತು. ಈಗ ನಾವು 'ಹಾರರ್' ಎಂಬ ಒಂದೇ ಚೀಲದಲ್ಲಿ ಎರಡನ್ನೂ ತುಂಬಿದ್ದೇವೆ. ನನ್ನ ಮಟ್ಟಿಗೆ ತೆರೆಯ ಹಿಂದೆ ಕಂಡ ಬೆರಳು ಭಯಾನಕ. ಪರದೆ ತುಂಬ ಚೆಲ್ಲಿದ ಕರುಳು ಬೀಭತ್ಸ. ಎರಡನೆಯದನ್ನು ತೋರಿಸಿ ಮೊದಲನೆಯದು ಬಂತು ಎಂದುಕೊಳ್ಳುವ ನಿರ್ದೇಶಕರು ಬಹಳ ಮಂದಿ.

ಪದ ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬಸ್ಸು ಉರುಳಿ ಜನ ಸತ್ತರೆ ಅದು ಭೀಕರ. ನಿಘಂಟು ನೋಡಿದರೆ ಭಯಾನಕ ಎಂದರೂ ತಪ್ಪಿಲ್ಲ. ಆದರೂ ಸವಿಯುವ ಪದವನ್ನು ಒಂದು ಮನೆಯ ಸಾವಿಗೆ ಅಂಟಿಸಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಯೇ ನಮ್ಮ ಕರಾವಳಿಯ ಭೂತಕೋಲ. ಹೊರಗಿನಿಂದ ಬಂದವರು ಅದನ್ನು ಹಾರರ್ ಕಣ್ಣಲ್ಲಿ ನೋಡುವುದುಂಟು. ಅಂಗಳದಲ್ಲಿ ಕೈಮುಗಿದು ನಿಂತವರಿಗೆ ಅದು ದೈವ. ಅಲ್ಲಿರುವುದು ಭಯಭಕ್ತಿ, ನಡುವೆ ತೆರೆ ಇಲ್ಲ.

'ನಾಳೆ ಬಾ' ಮಾತ್ರ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. 1990ರ ದಶಕದಲ್ಲಿ ಬೆಂಗಳೂರಲ್ಲೂ ಅನೇಕ ಊರುಗಳಲ್ಲೂ ಜನ ಬಾಗಿಲ ಮೇಲೆ, ಗೋಡೆಯ ಮೇಲೆ ಈ ಎರಡು ಪದ ಬರೆದರು. ರಾತ್ರಿ ಒಂದು ದೆವ್ವ ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು ಎಂಬ ಮಾತು ಹಬ್ಬಿತ್ತು. ಬರಹ ಓದಿದ ದೆವ್ವ ಹಿಂದೆ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ನಿಜಕ್ಕೂ ಹೆದರಿ ಬರೆದವರಿದ್ದರು. ಪಕ್ಕದ ಮನೆಯವರು ಬರೆದರಲ್ಲ, ನಮ್ಮದೂ ಇರಲಿ ಎಂದು ಬರೆದವರೂ ಇದ್ದರು. ಬಾಗಿಲೇ ತೆರೆಯಾಯಿತು.

ಕನ್ನಡದಲ್ಲಿ ಭಯಾನಕವನ್ನು ಹುಡುಕಿ ಹೊರಟವರು ಜನ್ನನ ಹತ್ತಿರ ಹೋಗಬೇಕು. 1209ರ 'ಯಶೋಧರ ಚರಿತೆ' ಶುರುವಾಗುವುದೇ ಚಂಡಮಾರಿಯ ಗುಡಿಯಲ್ಲಿ. ಮಾರಿದತ್ತ ರಾಜ ನರಬಲಿ ಕೊಡಲು ಸಿದ್ಧನಾಗಿದ್ದಾನೆ. ಎಳೆಯ ವಯಸ್ಸಿನ ಅಣ್ಣ ತಂಗಿಯನ್ನು ಹಿಡಿದು ತರುತ್ತಾರೆ. ಅವರ ಹೆಸರು ಅಭಯರುಚಿ, ಅಭಯಮತಿ. ಇಡೀ ಕಾವ್ಯದಲ್ಲಿ ಅತಿ ಭಯದ ಜಾಗಕ್ಕೆ ಬರುವ ಮಕ್ಕಳ ಹೆಸರಲ್ಲೇ ಜನ್ನನ ಕಥೆ 'ಅಭಯ' ಇಟ್ಟುಕೊಂಡಿದೆ. ಅವರು ಅಳುವುದಿಲ್ಲ. ಅಭಯರುಚಿ ರಾಜನಿಗೆ ಕಥೆ ಹೇಳಲು ಶುರುಮಾಡುತ್ತಾನೆ. ಹಿಂದಿನ ಜನ್ಮದಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ತಪ್ಪಿಗೆ ತಾವು ನವಿಲಾಗಿ, ನಾಯಿಯಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಸತ್ತ ಕಥೆ. ಕತ್ತಿ ಹಿಡಿದವನು ಕೇಳುತ್ತಾ ನಿಲ್ಲುತ್ತಾನೆ. ಕಥೆ ಮುಗಿಯುವ ಹೊತ್ತಿಗೆ ಹೆದರಿದ್ದು ಅವನು. ಮಕ್ಕಳು ಉಳಿಯುತ್ತಾರೆ.