ಬೆಳ್ಳಿ ಬಣ್ಣ ಹೊಡೆದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ ಥರಾನೇ ಕಾಣೋದು ಯಾಕೆ?

ಓದುಗರ ಪ್ರಶ್ನೆ: "ನನ್ನ ಹತ್ತಿರ ಒಂದು ಆಟಿಕೆ ಲೇಸರ್ ಗನ್ ಇದೆ. ಕಿತ್ತಳೆ, ಹಳದಿ ಬಣ್ಣದ್ದು. ವಿಜ್ಞಾನ ಕಥೆಯ ಸಿನಿಮಾಗಳಲ್ಲಿ ಕಾಣುವಂಥ, ನಿಜವಾಗಲೂ ಲೋಹದ್ದು ಅನ್ನಿಸುವಂಥ ಆಯುಧ ಮಾಡೋಣ ಅಂತ ಪೂರ್ತಿ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದೆ. ಈಗ ಅದು ಬೆಳ್ಳಿ ಬಣ್ಣದ ಆಟಿಕೆ ಆಗಿದೆ, ಅಷ್ಟೇ! ಎಲ್ಲಿ ಎಡವಿದೆ? ಹೊಡೆದಿದ್ದನ್ನೆಲ್ಲ ಕೆರೆದು ತೆಗೆಯಬೇಕಾ?"

ಕೆರೆಯೋದು ಬೇಡ. ಬಣ್ಣ ಸೋರಿ ಗಂಟು ಕಟ್ಟಿಲ್ಲ ಅಂದರೆ ಆ ಬೆಳ್ಳಿ ಪದರ ಹಾಗೇ ಇರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ನೀವು ಆರಿಸಿದ ಬಣ್ಣದಲ್ಲಿ ತೊಂದರೆ ಇಲ್ಲ. ತೊಂದರೆ ಇರೋದು ಹೊಳಪಿನಲ್ಲಿ. ಒಂದು ವಸ್ತು ಯಾವುದರಿಂದ ಮಾಡಿದ್ದು ಅಂತ ನಮ್ಮ ಕಣ್ಣು ಬಣ್ಣಕ್ಕಿಂತ ಜಾಸ್ತಿ ಹೊಳಪು ನೋಡಿ ಗುರುತಿಸುತ್ತದೆ. ಹಳೆಯ ಕ್ಯಾಮೆರಾ ಅಥವಾ ಡ್ರಿಲ್ಲಿಂಗ್ ಮಶಿನ್ ಒಂದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಮೈಯ ಬಣ್ಣ ಮಂಕು. ಹಿಡಿಯ ರಬ್ಬರ್ ಕೈ ತಾಗಿ ತಾಗಿ ನುಣುಪಾಗಿದೆ. ಸ್ಕ್ರೂ ತಲೆಯ ಅಂಚು ಮಿಂಚುತ್ತದೆ, ನಡುವಿನ ಸೀಳು ಮಾತ್ರ ಕಪ್ಪು. ಒಂದೇ ವಸ್ತುವಿನ ಮೇಲೆ ನಾಲ್ಕೈದು ಥರದ ಹೊಳಪು. ನಿಮ್ಮ ಗನ್ನಿನಲ್ಲಿ ಹಿಡಿ, ನಳಿಗೆ, ಟ್ರಿಗರ್, ಸ್ಕ್ರೂ ಎಲ್ಲಕ್ಕೂ ಒಂದೇ ಹೊಳಪು. ಅಂದರೆ ಎಲ್ಲವೂ ಒಂದೇ ಅಚ್ಚಿನಿಂದ ಬಂದಿದೆ ಅಂತ ಅದೇ ಸಾರಿ ಹೇಳುತ್ತಿದೆ.

1977ರ 'ಸ್ಟಾರ್ ವಾರ್ಸ್' ಚಿತ್ರದ ಆಯುಧಗಳು ಇವತ್ತಿಗೂ ನಂಬುವ ಹಾಗೆ ಕಾಣುವುದಕ್ಕೆ ಒಂದು ಸರಳ ಕಾರಣ ಇದೆ. ಅವುಗಳ ಒಳಗಿದ್ದದ್ದು ನಿಜವಾದ ವಸ್ತುಗಳು. ಬಿಳಿ ಕವಚದ ಸೈನಿಕರ ಕೈಯಲ್ಲಿದ್ದದ್ದು ಬ್ರಿಟಿಷ್ ಸ್ಟರ್ಲಿಂಗ್ ಸಬ್‌ಮಶಿನ್ ಗನ್. ನಾಯಕ ಲ್ಯೂಕ್‌ನ ಬೆಳಕಿನ ಕತ್ತಿಯ ಹಿಡಿ ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಕ್ಯಾಮೆರಾ ಫ್ಲ್ಯಾಶ್‌ನದ್ದು. ಮೇಲೆ ಅಷ್ಟಿಷ್ಟು ಚೂರು ಅಂಟಿಸಿದ್ದರು, ಅಷ್ಟೇ. ಲೋಹದ ಹೊಳಪು, ಕೈಯ ಸವೆತ ಅವುಗಳ ಜೊತೆಗೇ ಬಂದಿತ್ತು. ನಾವು ಪ್ಲಾಸ್ಟಿಕ್ಕಿನಿಂದ ಹೊರಟು ಅಲ್ಲಿಗೆ ತಲುಪಬೇಕು. ಆಗದ ಕೆಲಸವೇನಲ್ಲ.

ಮೊದಲು ಬಣ್ಣದ ಡಬ್ಬಿ ಪಕ್ಕಕ್ಕಿಟ್ಟು ಆಟಿಕೆಯ ಗುರುತುಗಳನ್ನು ಅಳಿಸಬೇಕು. ಬಹುಪಾಲು ಆಟಿಕೆಗಳು ಎರಡು ಹೋಳುಗಳನ್ನು ಸೇರಿಸಿ ಮಾಡಿದವು. ಆ ಎರಡೂ ಕೂಡುವ ಕಡೆ ನಡು ಬೆನ್ನಿನ ಮೇಲೆ ಒಂದು ಗೆರೆ ಉಳಿಯುತ್ತದೆ. ಒಂದು ಬದಿಯಲ್ಲಿ ಸಾಲಾಗಿ ಸ್ಕ್ರೂ ಗುಂಡಿಗಳು. ಇನ್ನೊಂದು ಕಡೆ ಕಂಪನಿಯ ಹೆಸರು, ಎಚ್ಚರಿಕೆಯ ಉಬ್ಬಕ್ಷರ. ಇವು ಮೂರು ಇರುವ ತನಕ ಎಂಥ ಬಣ್ಣ ಹೊಡೆದರೂ ಅದು ಆಟಿಕೆಯೇ. ಅಕ್ಷರಗಳನ್ನು ಬ್ಲೇಡಿನಿಂದ ಹೆರೆದು, 220ರ ಸ್ಯಾಂಡ್ ಪೇಪರ್, ಆಮೇಲೆ 400, ಕೊನೆಗೆ 600 (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಹಾಕಿ ನೀರಿನಲ್ಲಿ ಉಜ್ಜಿ. ನಡುಗೆರೆಗೆ ಪುಟ್ಟಿ ತುಂಬಿ ಅದೇ ಥರ ಉಜ್ಜಿ. ಸಣ್ಣ ಕುಳಿಗೆ ಸೂಪರ್ ಗ್ಲೂ ಹನಿಸಿ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ.

ಸ್ಕ್ರೂ ಗುಂಡಿಗಳ ವಿಷಯ ಬೇರೆ. ತುಂಬಾ ಜನ ಅವನ್ನೂ ಪುಟ್ಟಿಯಲ್ಲಿ ಮುಚ್ಚಿಬಿಡುತ್ತಾರೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಮುಚ್ಚಿದರೆ ಮತ್ತೆ ಬಿಚ್ಚೋಕೆ ಆಗಲ್ಲ, ಮೇಲಾಗಿ ಆ ಜಾಗ ಬೋಳು ಬೋಳಾಗಿ ಕಾಣುತ್ತದೆ. ಗುಂಡಿಗೆ ಹೊಂದುವ ಅಳತೆಯ ನಿಜವಾದ ಬೋಲ್ಟ್ ತಲೆಯನ್ನೋ ವಾಶರ್ ಅನ್ನೋ ಒತ್ತಿ ಕೂರಿಸಿ. ನಿನ್ನೆ ತನಕ ಆಟಿಕೆಯ ಗುಟ್ಟು ಬಿಟ್ಟುಕೊಡುತ್ತಿದ್ದ ತೂತು ಇವತ್ತು ಯಂತ್ರದ ಒಂದು ಭಾಗ ಆಗುತ್ತದೆ. ಒಂದೆರಡು ನಿಜವಾದ ಲೋಹದ ಚೂರು ಇದ್ದರೆ ಪಕ್ಕದ ಬಣ್ಣದ ಲೋಹವನ್ನೂ ಕಣ್ಣು ಸುಮ್ನೆ ಒಪ್ಪಿಕೊಳ್ಳುತ್ತದೆ.

ಗನ್ ಬಿಚ್ಚುವಾಗ ಬ್ಯಾಟರಿ ತೆಗೆದಿಡಿ. ಮುಚ್ಚಳ ಎತ್ತಿದ ಕೂಡಲೇ ಒಂದು ಫೋಟೋ ತೆಗೆದುಕೊಳ್ಳಿ, ಯಾಕಂದರೆ ಸ್ಪ್ರಿಂಗ್ ಹಾರಿದ ಮೇಲೆ ಅದು ಎಲ್ಲಿತ್ತು ಅಂತ ಯಾರಿಗೂ ನೆನಪಿರಲ್ಲ. ಜಾರುವ, ತಿರುಗುವ ಭಾಗಗಳು ಒಂದಕ್ಕೊಂದು ಉಜ್ಜುವ ಕಡೆ ಬಣ್ಣ ಬೇಡ. ಪದರ ದಪ್ಪವಾದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಬಣ್ಣ ಹಿಡಿಯುವ ವಿಷಯ. ಗಟ್ಟಿ ಆಟಿಕೆಗಳಲ್ಲಿ ಹೆಚ್ಚಿನವು ಎಬಿಎಸ್ ಪ್ಲಾಸ್ಟಿಕ್. ಅದರ ಮೇಲೆ ಬಣ್ಣ ಚೆನ್ನಾಗಿ ಕೂರುತ್ತದೆ. ಮುಟ್ಟಿದರೆ ಮೇಣದ ಹಾಗೆ ಜಾರುವ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಮೇಲೆ ಕೂರುವುದಿಲ್ಲ, ಉಗುರಿನಲ್ಲಿ ಕೆರೆದರೆ ಸಿಪ್ಪೆಯಾಗಿ ಏಳುತ್ತದೆ. ಅವಕ್ಕೆ ಕಾರಿನ ಬಂಪರ್‌ಗೆ ಬಣ್ಣ ಹೊಡೆಯುವ ಮೊದಲು ಹಾಕುವ, ಬಣ್ಣ ಕಚ್ಚಿಕೊಳ್ಳುವ ಹಾಗೆ ಮಾಡುವ ಸ್ಪ್ರೇ (ಅಡ್ಹೀಷನ್ ಪ್ರಮೋಟರ್) ಬೇಕು. ಮೆತ್ತನೆಯ ಪಿವಿಸಿ ಭಾಗವಿದ್ದರೆ ಸ್ಪ್ರೇ ಡಬ್ಬಿಯನ್ನು ಹತ್ತಿರವೂ ತರಬೇಡಿ. ಅದನ್ನು ಮೆತ್ತಗಿಡುವ ರಾಸಾಯನಿಕ ಮೇಲೆ ಬಂದು ಬಣ್ಣ ವಾರಗಟ್ಟಲೆ ಅಂಟಂಟಾಗೇ ಉಳಿಯಬಹುದು. ಅಲ್ಲಿ ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣ ವಾಸಿ. ಯಾವ ಪ್ಲಾಸ್ಟಿಕ್ ಆದರೂ ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್ ಬ್ರಶ್ ಹಾಕಿ ತೊಳೆಯಲೇಬೇಕು. ಕೈಯ ಜಿಡ್ಡು, ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ ಎರಡೂ ಹೋಗಬೇಕು. ಉಗುರು ಬಣ್ಣ ತೆಗೆಯುವ ಅಸಿಟೋನ್ ಮಾತ್ರ ಬೇಡ. ಅದು ಎಬಿಎಸ್ ಅನ್ನೇ ಕರಗಿಸುತ್ತದೆ.

ಉಜ್ಜಿದ ಜಾಗಕ್ಕೆ ಮೊದಲು ಹೊಡೆಯುವ ತಳಪದರ, ಅಂದರೆ ಪ್ರೈಮರ್, ಬೂದು ಬಣ್ಣದ್ದಿರಲಿ. ಉಜ್ಜಿದ್ದರಲ್ಲಿ ಉಳಿದ ಗೀರು, ಗೆರೆ ಎಲ್ಲ ಅದರಲ್ಲಿ ಎದ್ದು ಕಾಣುತ್ತವೆ. ಡಬ್ಬಿಯನ್ನು 20ರಿಂದ 30 ಸೆಂಟಿಮೀಟರ್ ದೂರ ಹಿಡಿದು, ವಸ್ತುವಿನ ಒಂದು ಬದಿಯ ಹೊರಗಿನಿಂದ ಶುರು ಮಾಡಿ ಇನ್ನೊಂದು ಬದಿ ದಾಟುವ ತನಕ ಎಳೆಯಿರಿ. ತೆಳುವಾಗಿ ಎರಡು ಮೂರು ಸಲ. ಮಳೆಯ, ತೇವದ ದಿನ ಸ್ಪ್ರೇ ಹೊಡೆಯಬೇಡಿ, ಮೇಲೆ ಬಿಳಿ ಮಬ್ಬು ಕೂರುತ್ತದೆ.

ಈಗ ಲೋಹ. ಬೆಳ್ಳಿ ಬಣ್ಣದಿಂದ ಲೋಹ ಬರುವುದಿಲ್ಲ, ಕಪ್ಪಿನಿಂದ ಬರುತ್ತದೆ. ವಿಚಿತ್ರ ಅನ್ನಿಸಬಹುದು. ಆದರೆ ಉಕ್ಕಿನ ತುಂಡು ಒಂದನ್ನು ನೋಡಿ: ಹೆಚ್ಚಿನ ಭಾಗ ಕಡು ಬೂದು, ಅಂಚಿನಲ್ಲಿ ಮಾತ್ರ ಬೆಳಕು. ಹಾಗಾಗಿ ಮಂಕು ಕಪ್ಪು ಹೊಡೆದು ಪೂರ್ತಿ ಒಣಗಿಸಿ. ಆಮೇಲೆ, ಎಲ್ಲ ಕೆಲಸದ ಕೊನೆಗೆ, ಗ್ರಾಫೈಟ್ ಪುಡಿಯನ್ನು, ಅಂದರೆ ಪೆನ್ಸಿಲ್ ಕಡ್ಡಿಯ ಪುಡಿಯನ್ನು, ಬೆರಳಿನ ತುದಿಯಲ್ಲಿ ತೆಗೆದುಕೊಂಡು ಉಜ್ಜಿ. ಮೊದಲು ಬರೀ ಮಸಿ ಬಳಿದ ಹಾಗಿರುತ್ತದೆ. ಉಜ್ಜುತ್ತಾ ಹೋದಂತೆ ಕಪ್ಪು ನಿಧಾನಕ್ಕೆ ತಿಳಿಯಾಗಿ, ಅಂಚಿನಲ್ಲಿ ಒಂದು ತಣ್ಣನೆಯ ಹೊಳಪು ಏಳುತ್ತದೆ. ಬಣ್ಣದ ಬೆಳ್ಳಿಯಲ್ಲಿ ಕಾಣುವ ಚುಕ್ಕಿ ಚುಕ್ಕಿ ಮಿನುಗು ಇದರಲ್ಲಿ ಇಲ್ಲ. ನನ್ನ ಮಟ್ಟಿಗೆ ಈ ಇಡೀ ಹವ್ಯಾಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ದೊಡ್ಡ ಜಾದೂ ಇದೇ. ಒಂದು ಎಚ್ಚರಿಕೆ: ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ. ಬ್ಯಾಟರಿಯ ತಗಡಿನ ಹತ್ತಿರ ಪುಡಿ ಬೀಳದ ಹಾಗೆ ನೋಡಿಕೊಳ್ಳಿ.

ಸ್ವಲ್ಪ ಜಾಸ್ತಿ ಬೆಳ್ಳಿ ಬೇಕು ಅನ್ನಿಸಿದರೆ ಡ್ರೈ ಬ್ರಶಿಂಗ್ ಮಾಡಿ. ಬ್ರಶ್ಶನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒರೆಸಿ ಒರೆಸಿ, ಬಣ್ಣ ಮುಗಿದೇ ಹೋಯಿತು ಅನ್ನಿಸಿದಾಗ ಅಂಚುಗಳ ಮೇಲೆ ಹಗುರವಾಗಿ ಆಡಿಸಿ.

ನಿಮ್ಮ ಬೆಳ್ಳಿ ಪದರ ಕೆಲಸಕ್ಕೆ ಬರುವುದು ಗನ್ನಿನ ಮೈಯಲ್ಲಿ. ಉಜ್ಜಿ ಪ್ರೈಮರ್ ಹೊಡೆದ ಕಡೆ ಮಾತ್ರ ಬೆಳ್ಳಿಯನ್ನು ಇನ್ನೊಮ್ಮೆ ಹೊಡೆದುಕೊಳ್ಳಿ. ಬಣ್ಣ ಬಳಿದ ಲೋಹದ ಪೆಟ್ಟಿಗೆಯ ಬಣ್ಣ ಅಲ್ಲಲ್ಲಿ ಕಿತ್ತು ಹೋದ ನೋಟ ಬೇಕು, ಅಲ್ವಾ? ಬೆಳ್ಳಿಯ ಮೇಲೆ ಒಂದು ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಪಾಡುವ ಪಾರದರ್ಶಕ ಪದರ, ಹೊಡೆದು ಒಣಗಿಸಿ. ಅದರ ಮೇಲೆ ತಲೆಗೂದಲಿಗೆ ಹಾಕುವ ಹೇರ್ ಸ್ಪ್ರೇ ಹೊಡೆಯಿರಿ. ಅದು ಒಣಗಿದ ಮೇಲೆ ಕಡು ಬೂದು ಅಥವಾ ಹಸಿರು ಅಕ್ರಿಲಿಕ್ ಬಣ್ಣ ಹಚ್ಚಿ. ಬಣ್ಣ ಮುಟ್ಟುವಷ್ಟು ಒಣಗಿದಾಗ, ಬೇಕಾದ ಜಾಗಕ್ಕೆ ಉಗುರು ಬೆಚ್ಚಗಿನ ನೀರು ತಾಗಿಸಿ ಗಡುಸು ಬ್ರಶ್ಶಿನಿಂದ ಮೆಲ್ಲಗೆ ಕೆದಕಿ. ಹೇರ್ ಸ್ಪ್ರೇ ನೀರಿಗೆ ಕರಗಿ, ಮೇಲಿನ ಬಣ್ಣ ಚೂರು ಚೂರಾಗಿ ಏಳುತ್ತದೆ, ಕೆಳಗಿಂದ ಬೆಳ್ಳಿ ಇಣುಕುತ್ತದೆ. ಬ್ರಶ್ಶಿನಿಂದ ಎಷ್ಟೇ ನಾಜೂಕಾಗಿ ಚಿತ್ರ ಬರೆದರೂ ಈ ಅಡ್ಡಾದಿಡ್ಡಿತನ ಬರುವುದಿಲ್ಲ.

ಆದರೆ ಎಲ್ಲಿ ಕೆದಕಬೇಕು? ಹೆಚ್ಚಿನವರು ಇಲ್ಲೇ ದಾರಿ ತಪ್ಪುತ್ತಾರೆ. ಗೀರು ಎಲ್ಲ ಕಡೆ ಸಮನಾಗಿ ಹಂಚಿದರೆ ಅದು ಸವೆತ ಅಲ್ಲ, ಡಿಸೈನ್. ವಸ್ತುವನ್ನು ಕೈಯಲ್ಲಿ ಹಿಡಿಯಿರಿ. ಹೆಬ್ಬೆರಳು ಎಲ್ಲಿ ಕೂರುತ್ತದೆ? ತೋರುಬೆರಳು ಟ್ರಿಗರ್‌ಗೆ ಹೋಗುವಾಗ ಎಲ್ಲಿ ಸವರುತ್ತದೆ? ಸೊಂಟದ ಚೀಲಕ್ಕೆ ತುರುಕುವಾಗ ಯಾವ ಅಂಚು ಉಜ್ಜುತ್ತದೆ? ಮೇಜಿನ ಮೇಲೆ ಇಟ್ಟರೆ ಯಾವ ಮೂಲೆ ತಾಗುತ್ತದೆ? ಸವೆತ ಅಲ್ಲಿ ಮಾತ್ರ ಇರಲಿ. ಬಲಗೈಯವರ ಗನ್ನಿನಲ್ಲಿ ಎಡಬದಿ, ಬಲಬದಿ ಒಂದೇ ಥರ ಸವೆಯುವುದಿಲ್ಲ. ಕೈ ತಲುಪದ ಸಂದಿಗಳಲ್ಲಿ ಹೊಳಪು ಬೇಡ, ಅಲ್ಲಿ ಕೊಳೆ ಕೂರಬೇಕು.

ರಬ್ಬರ್ ಹಿಡಿಯ ಮೇಲೆ ಬೆಳ್ಳಿ ಗೀರು ಎಳೆಯುವವರೂ ಇದ್ದಾರೆ. ರಬ್ಬರ್ ಕಿತ್ತರೆ ಒಳಗೆ ರಬ್ಬರೇ ತಾನೇ? ಅದಕ್ಕೆ ಬೆರಳು ಕೂರುವಲ್ಲಿ ಸ್ವಲ್ಪ ನುಣುಪು ಹೊಳಪು ಸಾಕು. ಅದೇ ಥರ ತುಕ್ಕು. ಕಬ್ಬಿಣಕ್ಕೆ ಕೆಂಪು ತುಕ್ಕು, ಹಿತ್ತಾಳೆ ತಾಮ್ರಕ್ಕೆ ಹಸಿರು ಕಿಲುಬು, ಅಲ್ಯೂಮಿನಿಯಂಗೆ ಬಿಳಿ ಬೂದು ಮಂಕು. ಕೆಂಪು ತುಕ್ಕನ್ನು ಕಂಡ ಕಡೆಯೆಲ್ಲ ಮೆತ್ತಿದರೆ ಅದು ಬಾವಿಯಿಂದ ಎತ್ತಿದ ಗನ್ ಆಗುತ್ತದೆ.

ನಳಿಗೆಯ ತುದಿಗೆ ಒಂದು ಚಂದದ ಕೆಲಸ ಇದೆ. ಉಕ್ಕು ಕಾದಾಗ ಅದರ ಮೇಲೆ ಬಣ್ಣ ಮೂಡುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ತಿಳಿ ಹುಲ್ಲಿನ ಹಳದಿ, ಇನ್ನೂ ಕಾದರೆ ಕಂದು, ಆಮೇಲೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ಲೇಸರ್ ಗನ್ನಿನ ಬಾಯಿ ಕಾಯಲೇಬೇಕಲ್ಲ! ಹಾಗಾದರೆ ತುದಿಯಲ್ಲಿ ನೀಲಿ, ಹಿಂದಕ್ಕೆ ಬರುತ್ತಾ ನೇರಳೆ, ಕಂದು, ಕೊನೆಗೆ ಹಳದಿ. ಲೋಹದ ಬಣ್ಣದ ಮೇಲೆ ಪಾರದರ್ಶಕ ಬಣ್ಣಗಳನ್ನು ತೀರಾ ತೆಳುವಾಗಿ ಒಂದರೊಳಗೊಂದು ಕರಗುವ ಹಾಗೆ ಹಚ್ಚಿ. ಕ್ರಮ ತಿರುಗಿಸಿದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಕೊಳೆಗೆ ಕಂದು ಮತ್ತು ಕಪ್ಪು ಬೆರೆಸಿ ನೀರಾಗಿಸಿದ ಬಣ್ಣ ಸಾಕು. ಬರೀ ಕಪ್ಪು ಹಾಕಿದರೆ ಪೆನ್ನಿನಲ್ಲಿ ಗೆರೆ ಎಳೆದ ಹಾಗಿರುತ್ತದೆ. ಹಚ್ಚಿ, ಅರೆ ಒಣಗಿದಾಗ ಮೇಲ್ಭಾಗವನ್ನು ಬಟ್ಟೆಯಿಂದ ಒರೆಸಿದರೆ ಸಂದಿಗಳಲ್ಲಿ ಮಾತ್ರ ಉಳಿಯುತ್ತದೆ. ಹೇರ್ ಸ್ಪ್ರೇ ಮಾಡಿದ ಮೈಗೆ ಮಾತ್ರ ಮೊದಲು ಕ್ಲಿಯರ್ ಕೋಟ್ ಬೇಕು. ಇಲ್ಲದಿದ್ದರೆ ನೀರು ತಾಗಿ ಬಣ್ಣ ಮತ್ತೆ ಏಳುತ್ತದೆ. ಸಣ್ಣ ಅಕ್ಷರ, ಸಂಖ್ಯೆಯ ಸ್ಟಿಕರ್ ಒಂದೆರಡು ಇದ್ದರೆ ಚಂದ. ಹತ್ತು ಅಂಟಿಸಿದರೆ ಮತ್ತೆ ಆಟಿಕೆ.

ಕೊನೆಯ ಪದರದಲ್ಲಿ ಇಷ್ಟೂ ಕೆಲಸ ಹಾಳಾಗುವ ಸಾಧ್ಯತೆ ಇದೆ. ಎಲ್ಲ ಮುಗಿದ ಮೇಲೆ ಬಣ್ಣ ಕಾಪಾಡೋಣ ಅಂತ ಇಡೀ ವಸ್ತುವಿಗೆ ಒಂದು ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದರೆ ಎಲ್ಲದಕ್ಕೂ ಮತ್ತೆ ಒಂದೇ ಹೊಳಪು. ಗ್ರಾಫೈಟ್ ಸತ್ತೇ ಹೋಗುತ್ತದೆ. ಮೈಗೆ ಮ್ಯಾಟ್, ಹಿಡಿಗೆ ಅರೆ ಹೊಳಪಿನ ಸ್ಯಾಟಿನ್, ಲೆನ್ಸ್ ಇದ್ದರೆ ಪೂರ್ತಿ ಹೊಳಪಿನ ಗ್ಲಾಸಿ. ಬೇಡದ ಕಡೆ ಟೇಪ್ ಸುತ್ತಿ ಹೊಡೆಯಿರಿ. ಗ್ರಾಫೈಟ್ ಉಜ್ಜುವ ಕೆಲಸವನ್ನು ವಾರ್ನಿಷ್ ಒಣಗಿದ ಮೇಲೆ ಇಟ್ಟುಕೊಳ್ಳಿ, ಅದರ ಮೇಲೆ ಏನೂ ಹೊಡೆಯಬೇಡಿ. ಕೈ ತಾಗಿ ಸ್ವಲ್ಪ ಅಳಿಸಿದರೆ ಮತ್ತೆ ಉಜ್ಜಿದರಾಯಿತು.

ಸ್ಪ್ರೇ ಮಾಡುವಾಗ ಗಾಳಿ ಆಡುವ ಜಾಗ, ಆವಿ ತಡೆಯುವ ಮಾಸ್ಕ್ ಬೇಕು. ಪ್ಲಾಸ್ಟಿಕ್ ಉಜ್ಜುವಾಗ ನೀರು ಹಾಕಿದರೆ ಧೂಳು ಏಳುವುದಿಲ್ಲ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಇದನ್ನು ವಾಪಸ್ ಕೊಡಬೇಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಗನ್ನಿನ ಬಾಯಿಯ ಕಿತ್ತಳೆ ತುದಿ ಸುಮ್ನೆ ಇಟ್ಟದ್ದಲ್ಲ. ಅಮೆರಿಕದಲ್ಲಿ ನಿಜವಾದ ಬಂದೂಕಿನ ಥರ ಕಾಣುವ ಆಟಿಕೆಗಳಿಗೆ ಅಂಥ ಗುರುತು ಕಾನೂನಿನ ಪ್ರಕಾರವೇ ಇರಬೇಕು. ಬ್ರಿಟನ್ನಿನಲ್ಲಿ 2006ರ ಕಾಯ್ದೆ ಪ್ರಕಾರ, ನಕಲಿ ಬಂದೂಕನ್ನು ಅಸಲಿಯಂತೆ ಕಾಣುವ ಹಾಗೆ ಮಾರ್ಪಡಿಸುವುದೇ ಅಪರಾಧ ಆಗಬಹುದು. ಹಾಗಾಗಿ ನಿಮ್ಮಲ್ಲಿನ ನಿಯಮ ಮೊದಲು ನೋಡಿಕೊಳ್ಳಿ. ಆಕಾರ ಲೇಸರ್ ಗನ್ನಿನದ್ದೇ ಇರಲಿ, ಪಿಸ್ತೂಲಿನ ಕಡೆ ವಾಲದಿರಲಿ. ಹೊರಗೆ ಒಯ್ಯುವಾಗ ಮುಚ್ಚಿದ ಚೀಲದಲ್ಲಿರಲಿ, ವೇಷ ಹಾಕುವ ಕಾರ್ಯಕ್ರಮ ಇದ್ದರೆ ಅಲ್ಲಿನವರಿಗೆ ಮೊದಲೇ ತೋರಿಸಿ. ಶುರುವಿನಲ್ಲೇ ಕಿತ್ತಳೆ ತುದಿಗೆ ಮಾಸ್ಕಿಂಗ್ ಟೇಪ್ ಸುತ್ತಿಬಿಡಿ, ಕಾದ ಉಕ್ಕಿನ ನೀಲಿಯನ್ನು ಅದರ ಹಿಂದಿನ ಬಳೆಯಿಂದ ಶುರು ಮಾಡಿ. ಈಗಾಗಲೇ ಬೆಳ್ಳಿ ಬಣ್ಣ ಅದರ ಮೇಲೂ ಕೂತಿದ್ದರೆ ಅಷ್ಟು ಭಾಗವನ್ನು ಮಾತ್ರ 400ರ ಸ್ಯಾಂಡ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಕೆಳಗಿನ ಪ್ಲಾಸ್ಟಿಕ್ಕೇ ಕಿತ್ತಳೆ ಆದ್ದರಿಂದ ಮತ್ತೆ ಬಣ್ಣ ಬಳಿಯುವ ಕೆಲಸ ಇಲ್ಲ.