ಬೀಗ ಹಾಕಿದ ಮನೆಯನ್ನು ಹೇಗೆ ಎಣಿಸಬೇಕು?

ಮಳೆ ಶುರುವಾದರೆ ಸಾಕು, ಮಂಡ್ಯದ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಸಿಮೆಂಟ್ ತೊಟ್ಟಿ, ಡ್ರಮ್ಮು, ಹಳೇ ಟೈರು ಎಲ್ಲದರೊಳಗೂ ಟಾರ್ಚ್ ಬಿಟ್ಟು ನೋಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ ಹುಡುಕುವ ಲಾರ್ವಾ ಸಮೀಕ್ಷೆ ಇದು. ನೋಡಿದ ನೂರು ಮನೆಗಳಲ್ಲಿ ಎಷ್ಟರಲ್ಲಿ ಲಾರ್ವಾ ಸಿಕ್ಕಿತು ಅನ್ನುವುದೇ ಹೌಸ್ ಇಂಡೆಕ್ಸ್.

ಒಂದು ಊರಲ್ಲಿ 100 ಮನೆ ಇವೆ ಅಂದುಕೊಳ್ಳಿ. ನಾಟಿ ಕಾಲ, ಎಲ್ಲರೂ ಗದ್ದೆಯಲ್ಲಿ, 40 ಮನೆಗೆ ಬೀಗ. ತೆರೆದಿದ್ದ 60ರಲ್ಲಿ 6 ಮನೆಯಲ್ಲಿ ಲಾರ್ವಾ ಸಿಕ್ಕಿತು. ಅಂದರೆ ಇಂಡೆಕ್ಸ್ 10. ಆದರೆ ವೆಬ್ ಫಾರ್ಮಿನಲ್ಲಿ 'ಬೀಗ ಹಾಕಿತ್ತು' ಅಂತ ಬರೆಯಲು ಜಾಗವೇ ಇಲ್ಲದಿದ್ದರೆ? ಆ 40 ಮನೆಗಳೂ 'ಲಾರ್ವಾ ಇಲ್ಲ' ಎಂಬ ಲೆಕ್ಕಕ್ಕೆ ಸೇರಿಕೊಂಡು ಇಂಡೆಕ್ಸ್ 6ಕ್ಕೆ ಇಳಿಯುತ್ತದೆ. ಜಿಲ್ಲಾ ಕಚೇರಿಯ ಪರದೆಯಲ್ಲಿ ಆ ಊರು ಸುರಕ್ಷಿತವಾಗಿ ಕಾಣುತ್ತದೆ. ಸೊಳ್ಳೆ ಮಾತ್ರ ಅಷ್ಟೇ ಇದೆ.

ಆರೋಗ್ಯ ಯೋಜನೆಗಳ ಮೇಲೆ ಕಣ್ಣಿಡುವ ವೆಬ್ ವ್ಯವಸ್ಥೆ ಕಟ್ಟುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಸೊನ್ನೆ ಅಂದರೆ 'ನೋಡಿದೆವು, ಇರಲಿಲ್ಲ'. ಖಾಲಿ ಅಂದರೆ 'ನೋಡಿಲ್ಲ', ಇಲ್ಲವೇ 'ಬರೆದಿಲ್ಲ'. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮೊಳಕೆಯೊಡೆದು, ಈಗ ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಉಸ್ತುವಾರಿಯಲ್ಲಿ ಹತ್ತಾರು ದೇಶಗಳಲ್ಲಿ ಬಳಕೆಯಲ್ಲಿರುವ ಡಿಎಚ್‌ಐಎಸ್2 ಎಂಬ, ಆರೋಗ್ಯ ಮಾಹಿತಿ ಸಂಗ್ರಹಿಸುವ ಉಚಿತ ತಂತ್ರಾಂಶದಲ್ಲೂ ಸೊನ್ನೆಯನ್ನು ಉಳಿಸಿಡಬೇಕೋ ಬೇಡವೋ ಅನ್ನುವುದಕ್ಕೆ ಬೇರೆಯೇ ಒಂದು ಸೆಟ್ಟಿಂಗ್ ಇದೆ. ಯಾರೂ ಆನ್ ಮಾಡದಿದ್ದರೆ ನರ್ಸಮ್ಮ ಕೂತು ಟೈಪ್ ಮಾಡಿದ ಸೊನ್ನೆಗಳು ಉಳಿಯುವುದೇ ಇಲ್ಲ.

ವೇಗವೂ ಬೇಕು. ಈಡಿಸ್ ಮೊಟ್ಟೆ ಒಡೆದು ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ತಿಂಗಳ ಕೊನೆಗೆ ಬರುವ ವರದಿಯಿಂದ ಏನು ಪ್ರಯೋಜನ ಹೇಳಿ? 2004ರಲ್ಲಿ ಶುರುವಾದ ಕೇಂದ್ರ ಸರ್ಕಾರದ ರೋಗ ಕಣ್ಗಾವಲು ಯೋಜನೆಯಲ್ಲಿ ವರದಿ ವಾರಕ್ಕೊಮ್ಮೆ ಹೋಗುತ್ತಿತ್ತು. 2021ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಬಂದ ಐಎಚ್‌ಐಪಿ ಎಂಬ ಆನ್‌ಲೈನ್ ಆರೋಗ್ಯ ಮಾಹಿತಿ ವೇದಿಕೆಯಲ್ಲಿ ವರದಿಯನ್ನು ಆಗಿಂದಾಗಲೇ ಹಾಕಬಹುದು. ಒಳ್ಳೆಯ ಹೆಜ್ಜೆ. ಆದರೆ ನೆಟ್‌ವರ್ಕ್ ಸಿಗದ ಕಡೆ ಫೋನಿನಲ್ಲೇ ಉಳಿದು, ಸಿಕ್ಕಾಗ ತಾನಾಗಿ ಹೋಗುವ ವ್ಯವಸ್ಥೆ ಇರಲೇಬೇಕು. ಇಲ್ಲದಿದ್ದರೆ ರಾತ್ರಿ ಮನೆಯಲ್ಲಿ ಕೂತು ನೆನಪಿನಿಂದ ತುಂಬುವುದಾಗುತ್ತದೆ.

ಉಸ್ತುವಾರಿ ಬೇರೆ, ಮೌಲ್ಯಮಾಪನ ಬೇರೆ. ಎಷ್ಟು ಮನೆಗೆ ಹೋದೆವು ಅನ್ನುವುದು ಮೊದಲನೆಯದು. ಹೋಗಿದ್ದರಿಂದ ಏನು ಬದಲಾಯಿತು ಅನ್ನುವುದು ಎರಡನೆಯದು, ಅದು ಜಾಸ್ತಿ ಕಷ್ಟ. ಮಂಡ್ಯಕ್ಕೆ ತುಂಬ ನೋವಿನ ವಿಷಯವನ್ನೇ ತೆಗೆದುಕೊಳ್ಳಿ. 2023ರಲ್ಲಿ ಇಲ್ಲಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಅಂದಮೇಲೆ ಪ್ರತಿ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಹುಟ್ಟಿದ ಗಂಡು, ಹೆಣ್ಣು ಮಕ್ಕಳ ಅನುಪಾತವನ್ನು ತಿಂಗಳು ತಿಂಗಳು ಕೆಂಪು, ಹಸಿರು ಬಣ್ಣದಲ್ಲಿ ತೋರಿಸಿದರೆ ಆಯಿತಲ್ವಾ ಅನ್ನಿಸಬಹುದು.

ಆಗುವುದಿಲ್ಲ. ಯಾರೂ ಏನೂ ಮಾಡದೆ ಇದ್ದರೂ 1000 ಗಂಡು ಮಕ್ಕಳಿಗೆ ಸುಮಾರು 950 ಹೆಣ್ಣು ಮಕ್ಕಳು ಹುಟ್ಟುತ್ತಾರೆ. ಆದರೆ ಇದು ಲಕ್ಷಾಂತರ ಹೆರಿಗೆಗಳ ಲೆಕ್ಕ. ಬರೀ 100 ಹೆರಿಗೆಯಲ್ಲಿ 55 ಗಂಡು, 45 ಹೆಣ್ಣು ಆಗುವುದು ತೀರಾ ಸಾಮಾನ್ಯ, ಸುಮ್ನೆ ಕಾಕತಾಳೀಯ. ಅನುಪಾತ ಮಾತ್ರ 818 ಅಂತ ಬಂದು ಪರದೆ ಕೆಂಪಾಗುತ್ತದೆ, ಪಾಪ ಆ ಕೇಂದ್ರದವರಿಗೆ ನೋಟಿಸ್ ಹೋಗುತ್ತದೆ. ಪಕ್ಕದಲ್ಲಿ ನಿಜವಾಗಿ ತಪ್ಪು ನಡೆಯುವ ಕಡೆ ಆ ತಿಂಗಳು ಹಸಿರು ಬಂದಿರಬಹುದು. ಅದಕ್ಕೇ ಇಡೀ ತಾಲ್ಲೂಕಿನ ಮೂರ್ನಾಲ್ಕು ವರ್ಷದ ಹೆರಿಗೆಗಳನ್ನು ಒಟ್ಟಿಗೆ ನೋಡಬೇಕು. ಜೊತೆಗೆ ತಾಯಿ ಕಾರ್ಡ್ ಮಾಡಿಸಿ, ನಾಲ್ಕೈದನೇ ತಿಂಗಳಲ್ಲಿ ಲೆಕ್ಕದಿಂದಲೇ ಕಾಣೆಯಾದ ಗರ್ಭಿಣಿಯರು ಎಷ್ಟು ಮಂದಿ ಅಂತ ನೋಡಬೇಕು. ಹಾಗಂತ ಎಲ್ಲರ ಮೇಲೂ ಅನುಮಾನ ಪಡಬೇಕಿಲ್ಲ, ಗರ್ಭಪಾತ ತಾನಾಗಿ ಆಗಿರಬಹುದು, ತವರಿಗೆ ಹೋಗಿರಬಹುದು. ಆಶಾ ಅವರ ಮೊಬೈಲಿನಲ್ಲಿ 'ಇವರ ಮನೆಗೆ ಹೋಗಿ ವಿಚಾರಿಸಿ' ಎಂಬ ಪಟ್ಟಿ ಬಂದರೆ, ತಾನು ತುಂಬಿದ ಮಾಹಿತಿ ತನ್ನ ಕೆಲಸಕ್ಕೇ ವಾಪಸ್ ಬಂತು ಅಂತ ಅವರಿಗೂ ಅನ್ನಿಸುತ್ತದೆ, ಮುಂದಿನ ಸಲ ಇನ್ನೂ ಸರಿಯಾಗಿ ತುಂಬುತ್ತಾರೆ.